ಚಾಂದನಿಯನ್ನು ಮೈದಾನಕ್ಕೆ ನಡೆಸಿದ್ದು

ಡೊಂಬಿವಲಿಗೆ ಬಂದ ಹೊಸತರಲ್ಲಿ ಒಂದು ಸಂಜೆ ಕಸದ ಬುಟ್ಟಿ ಹಿಡಿದು ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಎದುರಿಗೆ ಬಿಳಿ ಕುದುರೆ ನಿಂತಿತ್ತು. ಹಣೆಗೆ ಜರಿಯ ಪಟ್ಟಿ, ಕೊರಳಿಗೆ ಪ್ಲಾಸ್ಟಿಕ್ ಮಲ್ಲಿಗೆ, ಬಾಯಲ್ಲಿ ನಮ್ಮ ಕಟ್ಟಡದ ಕುಂಡದ ತುಳಸಿ. ಗೋಡೆಗೆ ಪತ್ರಪೆಟ್ಟಿಗೆಗಳ ಸಾಲು, ಪಕ್ಕದಲ್ಲಿ ನೀರಿನ ಪಂಪು, ನಡುವೆ ಕುದುರೆ. ಅದನ್ನು ಕಂಡು ಆಶ್ಚರ್ಯಪಡುವವಳು ನಾನೊಬ್ಬಳೇ. ವಾಚ್‌ಮನ್ ಕೂಡ ಫೋನಿನಿಂದ ತಲೆ ಎತ್ತಿರಲಿಲ್ಲ.

"ಅಯ್ಯಯ್ಯ, ಕುದುರಿ!" ಎಂದು ಕಿರುಚಿಬಿಟ್ಟೆ.

"ಹೆದರಬ್ಯಾಡ್ರಿ ಅಕ್ಕಾರ. ಇಕಿ ಕಡಿಯೂದಿಲ್ಲ, ಬರೇ ತಿಂತಾಳ," ಎಂದು ಕುದುರೆಯ ಆಚೆಯಿಂದ ದನಿ ಬಂತು.

ಕನ್ನಡ! ಊರು ಬಿಟ್ಟ ಮೇಲೆ ನನ್ನ ಗಂಡನಲ್ಲದ ಇನ್ನೊಬ್ಬರ ಬಾಯಿಂದ ಕೇಳಿದ ಮೊದಲ ಕನ್ನಡ ಅದು. ನನಗೆ ತುಳಸಿಯೂ ಮರೆತುಹೋಯಿತು, ಕಸವೂ ಮರೆತುಹೋಯಿತು. "ಯಾವೂರ್ರಿ ನಿಮ್ದು?" ಎಂದು ಅಲ್ಲೇ ನಿಂತುಬಿಟ್ಟೆ.

ಅವನು ಮಲ್ಲಣ್ಣ, ಕಲಬುರಗಿ ಕಡೆಯವನು. ಹರೆಯದಲ್ಲಿ ಲೋಡಿಂಗ್ ಕೆಲಸಕ್ಕೆ ಬಂದವನು, ಈಗ ಕಲ್ಯಾಣದ ಹೊರಗೆ ಅವನದೇ ತಬೇಲಾ ಇತ್ತು. ತಬೇಲಾ ಎಂದರೆ ಇಲ್ಲಿ ಕೊಟ್ಟಿಗೆ. ಎಮ್ಮೆಯದಾದರೂ ಸರಿ, ಕುದುರೆಯದಾದರೂ ಸರಿ. ಮದುವೆಯ ವರನನ್ನು ಕೂರಿಸಿಕೊಂಡು ಹೋಗುವ ಕುದುರೆಗಳನ್ನು ಅವನು ಬಾಡಿಗೆಗೆ ಕಳಿಸುತ್ತಿದ್ದ. ಆ ಸಂಜೆ ಮೂರನೆಯ ಮಹಡಿಯ ಹುಡುಗ ವರ. ಅವನು ಶೇರ್ವಾನಿಯ ಗುಂಡಿ ಹಾಕಿಕೊಂಡು ಇಳಿಯುವ ತನಕ ನಾನೂ ಮಲ್ಲಣ್ಣನೂ ಜೋಳದ ಬೆಲೆಯಿಂದ ಹಿಡಿದು ಭೀಮೆಯ ನೀರಿನವರೆಗೆ ಮಾತಾಡಿದೆವು. ಕುದುರೆ ತುಳಸಿ ಮುಗಿಸಿ ನನ್ನ ಸೆರಗಿಗೆ ಬಾಯಿ ಹಾಕಿತು. ಅವಳ ಹೆಸರು ಚಾಂದನಿ.

ನಾವು ಬಂದದ್ದು ನಮ್ಮ ಮನೆಯವರ ಕೆಲಸಕ್ಕಾಗಿ. ವಿಜಯಪುರದ ಗಿರಣಿ ಮುಚ್ಚಿದ ಮೇಲೆ ಇಲ್ಲಿ ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಊರಲ್ಲಿ ಬೆಳಗಾಗುವುದು ಸಗಣಿಯ ವಾಸನೆಯಿಂದ. ಇಲ್ಲಿ ಗಾಳಿ ಯಾವ ಕಡೆಯಿಂದ ಬೀಸಿದೆಯೋ ಆ ಕಾರ್ಖಾನೆಯ ವಾಸನೆಯಿಂದ. ಊರಲ್ಲಿ ಬಾಗಿಲು ಹಾಕಿದರೆ ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಅರ್ಥ. ಇಲ್ಲಿ ತೆರೆದಿಟ್ಟರೆ ಏನಾಯಿತು ಎಂದು ಕೇಳುತ್ತಾರೆ. ಎದುರು ಮನೆಯ ಕುಲಕರ್ಣಿ ಕಾಕು, ಎಂದರೆ ಚಿಕ್ಕಮ್ಮ, ಮಾತ್ರ ಕೇಳದೆ ಒಳಗೇ ಬಂದರು. ನಾನು ರೊಟ್ಟಿ ಬಡಿಯುವುದನ್ನು ನೋಡಿ, "ಅಗ, ಹೀ ತರ ಆಮಚೀಚ್ ಭಾಕರಿ!" ಎಂದರು. ಇದು ನಮ್ಮದೇ ಭಾಕರಿ ಅಂತ, ಮರಾಠಿಯಲ್ಲಿ. ನನ್ನ ರೊಟ್ಟಿಗೆ ಇನ್ನೊಂದು ಹೆಸರಿದೆ ಎಂಬುದನ್ನು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಮಾತು ಬಾರದ ಊರಿನಲ್ಲಿ ಮಧ್ಯಾಹ್ನಗಳು ಬಹಳ ಉದ್ದ. ತರಕಾರಿಯವನಿಗೆ ಬೆರಳು ತೋರಿಸಿ ಮನೆಗೆ ಬಂದರೆ ಸಂಜೆಯವರೆಗೆ ಬಾಯಿ ತೆರೆಯುವ ಪ್ರಸಂಗವೇ ಇಲ್ಲ.

ಹೀಗಾಗಿ ಮಲ್ಲಣ್ಣ, "ಒಮ್ಮೆ ತಬೇಲಾಕ ಬರ್ರಿ ಅಕ್ಕಾರ, ನಿಮ್ಮ ಎತ್ತಿನ ನೆನಪರ ಆಗ್ತದ," ಎಂದಾಗ ಹೋದೆ. ಲೋಕಲ್ ರೈಲಿನಲ್ಲಿ ಕಲ್ಯಾಣ, ಅಲ್ಲಿಂದ ರಿಕ್ಷಾ. ತಗಡಿನ ಮಾಡು, ಹುಲ್ಲು, ಉಚ್ಚೆಯ ಘಾಟು. ಎದೆ ತುಂಬ ಉಸಿರೆಳೆದುಕೊಂಡೆ. ನಮ್ಮಪ್ಪ ಕಿಲಾರಿ ಎತ್ತು ಕಟ್ಟಿದವರು, ದನದ ಮೈ ತಿಕ್ಕುವುದು ನನಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಖರಾರಾ ಎಂಬ ಹಲ್ಲಿನ ಬ್ರಷ್ಷಿನಿಂದ ಚಾಂದನಿಯ ಮೈ ಉಜ್ಜಿದೆ. ಜೀನಿನ ಕೆಳಗೆ ಎರಡೂ ಕಡೆ ಹುಣ್ಣು. ಕಾದ ಡಾಂಬರಿನ ಮೇಲೆ ನಡೆದು ನಡೆದು ಗೊರಸು ಒಡೆದಿತ್ತು. ಕೆನ್ನೆಯ ಹತ್ತಿರ ಪಟಾಕಿ ಕಿಡಿಯ ಸುಟ್ಟ ಕಲೆ.

"ಎಷ್ಟ ವರ್ಷ ದುಡಸ್ತೀರಿ ಇಕಿನ್ನ?" ಎಂದೆ.

ಮಲ್ಲಣ್ಣ ಹೊಸೆಯುತ್ತಿದ್ದ ಹಗ್ಗ ಬದಿಗಿಟ್ಟ. ಆಮೇಲೆ ಹೇಳಿದ: "ಒಂದ ಹಾದಿ ಅದ. ಚಳಿಗಾಲಕ್ಕ ನೆರೂಳದಾಗ ಕುದುರಿ ಶೋ ಆಗ್ತದ. ಓಟ ಅಲ್ಲ, ತೋರಸೂದು. ಹಗ್ಗ ಹಿಡದು ನಡಸಿ, ಓಡಸಿ, ನಿಲ್ಲಸಬೇಕು. ಜಡ್ಜ್ ಮಂದಿ ನೋಡ್ತಾರ. ಅದರಾಗ ಹೊಸಬರದೊಂದು ವರ್ಗ ಅದ, ನನ್ನಂಥ ಧಂದೇದವರನ್ನ ಅದಕ್ಕ ಬಿಡೂದಿಲ್ಲ. ನೀವು ಹಿಡೀರಿ. ಇಕಿ ಒಂದು ರಿಬ್ಬನ್ ತಂದ್ಳಂದ್ರ ಮತ್ತ ಮದವಿಗೆ ಕಳಸೂದಿಲ್ಲ. ಶೋ ಕುದುರಿ ಅಂತ ಇಲ್ಲೇ ಇಟ್ಕೋತೀನಿ. ಭೀಮಿ ಆಣೆ."

ಭೀಮೆಯ ಮೇಲೆ ಆಣೆ ಇಟ್ಟವನನ್ನು ಭೀಮೆಯ ನೀರು ಕುಡಿದವಳು ಹೇಗೆ ಅನುಮಾನಿಸುವುದು?

ಕಲಿಯತೊಡಗಿದೆ. ಮನೆಯವರು, "ಐವತ್ತರ ಹತ್ರ ಬಂದು ಕುದುರಿ ಹಿಂದ ಓಡ್ತೀಯೇನ?" ಎಂದು ನಕ್ಕರು. ಆದರೆ ಬೂಟು ಅವರೇ ಕೊಡಿಸಿದರು. ಸೀರೆಯಲ್ಲಿ ಓಡಲಾಗದು, ಪ್ಯಾಂಟು ಬೇಕು. ಪ್ಯಾಂಟಿನಲ್ಲಿ ಮೊದಲ ಸಲ ಮೆಟ್ಟಿಲಿಳಿದಾಗ ಕಾಕು ಬಾಗಿಲಲ್ಲೇ ನಿಂತಿದ್ದರು. "ಕಾಯ್ ಗ, ಘೋಡೀಚಿ ಆಯಿ!" ಎಂದು ಇಡೀ ಮಹಡಿಗೆ ಕೇಳುವಂತೆ ಕೂಗಿದರು. ಕುದುರೆಯ ಅವ್ವ ಎಂದರ್ಥ. ಆ ಹೆಸರೇ ಕಟ್ಟಡಕ್ಕೆಲ್ಲ ಹಬ್ಬಿತು. ಬಿಟ್ಟ ಊರಿನಲ್ಲಿ ನಾನು ಯಾರದೋ ಮಗಳು, ಯಾರದೋ ಸೊಸೆ. ಇಲ್ಲಿ ಬಂದ ಮೇಲೆ ನನ್ನದೇ ಅಂತ ಸಿಕ್ಕ ಮೊದಲ ಹೆಸರು ಇದು. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು.

ಕುದುರೆಯ ಎಡಕ್ಕೆ, ಅದರ ಹೆಗಲಿಗೆ ಹೆಗಲು ಕೊಟ್ಟು ನಡೆಯಬೇಕು. ಹಗ್ಗ ಎಳೆಯಬಾರದು, ಬಿಗಿಯಾಗಬಾರದು, ನೆಲಕ್ಕೂ ತಾಗಬಾರದು. ಜಡ್ಜ್ ಕುದುರೆಯನ್ನು ನೋಡುವಾಗ ನಾವು ಅಡ್ಡ ಬರಬಾರದು. ನಾಲ್ಕೂ ಕಾಲು ಮೇಜಿನ ಕಾಲಿನಂತೆ ನಿಲ್ಲಬೇಕು. ನಮ್ಮಲ್ಲಿ ಕಾರ ಹುಣ್ಣಿಮೆಗೆ ಎತ್ತು ತೊಳೆದು, ಕೋಡಿಗೆ ಬಣ್ಣ ಬಳಿದು, ಹೋಳಿಗೆ ತಿನ್ನಿಸುತ್ತೇವೆ. ಅದು ಎತ್ತಿಗಾಗಿ, ಎತ್ತು ವರ್ಷವಿಡೀ ದುಡಿದದ್ದಕ್ಕಾಗಿ. ಇಲ್ಲಿ ತೊಳೆಯುವುದು ನೋಡುವವರಿಗಾಗಿ. ಈ ವ್ಯತ್ಯಾಸ ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ನಡೆಯುವುದು, ಓಡುವುದು ಚಾಂದನಿಗೆ ಬೇಗ ಬಂತು. ನಿಲ್ಲುವುದೇ ಬರಲಿಲ್ಲ. ಮದುವೆ ಕುದುರೆ ಬ್ಯಾಂಡು ಹೊಡೆಯುತ್ತಿರುವಾಗ ನಿಲ್ಲುತ್ತದೆ, ಏಕೆಂದರೆ ಮುಂದೆ ಜನ ಕುಣಿಯುತ್ತಿರುತ್ತಾರೆ. ಬ್ಯಾಂಡು ನಿಂತಿತೋ, ಮೆರವಣಿಗೆ ಮುಂದೆ ಹೋಗಬೇಕು ಎಂದು ಅದು ತಿಳಿದಿದೆ. ಎಲ್ಲ ಕುದುರೆಗಳೂ ಸದ್ದಿಗೆ ಬೆದರಿದರೆ ಇವಳು ನಿಶ್ಶಬ್ದಕ್ಕೆ ಬೆದರುತ್ತಿದ್ದಳು. ಶೋ ಮೈದಾನದಲ್ಲಿ ಬ್ಯಾಂಡು ಎಲ್ಲಿಂದ ತರುವುದು? ನಾನು ಅವಳ ಕಿವಿಯ ಹತ್ತಿರ ಬೀಸುವ ಪದ ಗುನುಗತೊಡಗಿದೆ, ಬೀಸುಕಲ್ಲಿನ ಮುಂದೆ ಅವ್ವ ಹಾಡುತ್ತಿದ್ದದ್ದು. ಮೊದಲು ಜೋರಾಗಿ, ದಿನದಿಂದ ದಿನಕ್ಕೆ ಮೆಲ್ಲಗೆ. ಕಡೆಗೊಂದು ದಿನ ಹಾಡು ನಿಲ್ಲಿಸಿದೆ. ಅವಳು ನಿಂತೇ ಇದ್ದಳು. ಕಿವಿ ಮಾತ್ರ ನನ್ನ ಕಡೆಗೆ. ನನ್ನ ಕಣ್ಣಲ್ಲಿ ನೀರು ಬಂತು.

ಅವಳು ಹಾಗೆ ನಿಂತದ್ದನ್ನು ಇನ್ನೊಬ್ಬರೂ ನೋಡಿದರು. ಪನ್ವೇಲ್ ಕಡೆಯ ಪಾಟೀಲರು. "ನಮ್ಮ ದೋಸ್ತ್, ಕುದುರಿ ಹುಚ್ಚು ಭಾಳ," ಎಂದು ಮಲ್ಲಣ್ಣ ಪರಿಚಯಿಸಿದ್ದ. ಅವರು ಆಮೇಲೂ ಬಂದರು. "ಬಾಯಿ, ಪುನ್ಹಾ ಏಕದಾ," ಅಮ್ಮಾ, ಇನ್ನೊಮ್ಮೆ ಮಾಡಿ ತೋರಿಸಿ ಎನ್ನುತ್ತಿದ್ದರು. ಚಾಂದನಿಯ ಪಕ್ಕದಲ್ಲಿ ಡಬ್ಬ ಬಡಿದು ನೋಡಿದರು, ಛತ್ರಿ ಬಿಚ್ಚಿ ನೋಡಿದರು, ಸುಮ್ಮನೆ ನಿಲ್ಲಿಸಿ ನೋಡಿದರು. ನನ್ನ ವಿದ್ಯೆಯನ್ನು ಮೆಚ್ಚುವ ಜನ ಎಂದು ಅವರಿಗೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿದ್ದೆ. ತುಪ್ಪ ಸವರಿ.

ಶೋ ದಿನ ಕಾಕುವೂ ಹೊರಟರು. ಠಾಣೆಯಲ್ಲಿ ಇಳಿದು, ಗಾಡಿ ಬದಲಿಸಿ ನೆರೂಳಕ್ಕೆ ಹೋದೆವು. ಮಲ್ಲಣ್ಣ ಟೆಂಪೋದಲ್ಲಿ ಚಾಂದನಿಯನ್ನು ಮೊದಲೇ ತಂದಿದ್ದ. ಹುಣ್ಣು ಮಾಯ್ದು ಕೂದಲು ಬಂದಿತ್ತು. ಗೊರಸಿಗೆ ಎಣ್ಣೆ ಹಚ್ಚಿದೆ, ಬಾಲ ಬಾಚಿದೆ. ಸುತ್ತ ಇದ್ದವರೆಲ್ಲ ಇಂಗ್ಲಿಷ್ ಮಾತಾಡುವ ಎಳೆಯರು, ಅವರ ಕುದುರೆಗಳ ಬಾಲದಲ್ಲೂ ಜಡೆ. ನಾನು ಒಬ್ಬೊಬ್ಬರನ್ನೇ ನೋಡುತ್ತ ನಿಂತೆ.

"ಕುದುರಿ ನಿಮ್ಮನ್ನ ನೋಡಿ ನಿಲ್ತದ ಅಕ್ಕಾರ. ನೀವು ಯಾರನ್ನೂ ನೋಡಬ್ಯಾಡ್ರಿ," ಎಂದ ಮಲ್ಲಣ್ಣ.

ನೋಡಲಿಲ್ಲ. ನಡೆದೆವು, ತಿರುಗಿದೆವು, ಓಡಿದೆವು. ಓಡುವಾಗ ನನ್ನ ಏದುಸಿರೇ ಅವಳದಕ್ಕಿಂತ ಜೋರು. ಜಡ್ಜ್ ಹೆಂಗಸು ಮುಂದೆ ಬಂದು ನಿಂತಾಗ ಇಡೀ ಮೈದಾನ ಸುಮ್ಮನಿತ್ತು. ಚಾಂದನಿಯೂ ಅಲುಗಲಿಲ್ಲ. ಎರಡನೆಯ ಸ್ಥಾನ. ನೀಲಿ ರಿಬ್ಬನ್ನನ್ನು ಅವಳ ಹಣೆಯ ಪಟ್ಟಿಗೆ ಸಿಕ್ಕಿಸಿದರು. ಬೇಲಿಯಾಚೆ ಕಾಕು, "ಘೋಡೀಚಿ ಆಯಿ!" ಎಂದು ಕುಣಿದರು. ಇನ್ನು ಇವಳು ಬಿಸಿಲ ರಸ್ತೆಗೆ ಹೋಗುವುದಿಲ್ಲ, ಪಟಾಕಿ ನೋಡುವುದಿಲ್ಲ, ಪ್ರತಿದಿನ ಕಲ್ಯಾಣಕ್ಕೆ ಹೋದರೆ ಅಲ್ಲಿರುತ್ತಾಳೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಹೊರಗೆ ಬಂದಾಗ ಪಾಟೀಲರ ಟ್ರಕ್ಕು ನಿಂತಿತ್ತು. ಮಲ್ಲಣ್ಣ ನನ್ನ ಪಕ್ಕಕ್ಕೆ ಬಂದ. ಚಾಂದನಿಯ ಮುಖದಿಂದ ಅವಳ ಹಳೆಯ ಹಗ್ಗ ಬಿಚ್ಚಿ, ಸುತ್ತಿ, ನನ್ನ ಕೈಗೆ ಕೊಟ್ಟ. ಪಾಟೀಲರು ತಾವು ತಂದ ಹೊಸ ಹಗ್ಗ ಹಾಕಿದರು.

ನಮ್ಮ ಕಡೆ ಎತ್ತು ಮಾರಿದಾಗ ಹಗ್ಗ ಕೊಡುವುದಿಲ್ಲ. ಹಗ್ಗ ಕೊಟ್ಟರೆ ಕೊಟ್ಟಿಗೆಯ ದನದ ಸಂಪತ್ತೇ ಹೋಗುತ್ತದೆ ಎಂದು ಮಾರಿದವರು ಅದನ್ನು ಬಿಚ್ಚಿ ಇಟ್ಟುಕೊಳ್ಳುತ್ತಾರೆ, ಕೊಂಡವರು ಹೊಸದು ತರುತ್ತಾರೆ. ಅಲ್ಲಿದ್ದ ಇಂಗ್ಲಿಷ್ ಮಂದಿಗೆ ಅದು ಕುದುರೆಯ ಹಗ್ಗ ಬದಲಿಸಿದ್ದು ಮಾತ್ರ. ಕಾಕುವಿಗೂ ತಿಳಿಯಲಿಲ್ಲ. ನನಗೆ ತಿಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲದೆ, ನಮ್ಮಿಬ್ಬರಿಗಷ್ಟೇ ಅರ್ಥವಾಗುವ ರೀತಿಯಲ್ಲಿ ಹೇಳಿದ.

"ಮಾರಿದೇನ?" ಎಂದೆ. ಏಕವಚನ ತಾನಾಗಿ ಬಂತು.

"ಶೋ ಆದ ಮ್ಯಾಲೆ ಅಂತ ಮೊದಲ ಮಾತಾಗಿತ್ರಿ."

"ಯಾತಕ್ಕ ಒಯ್ತಾರ ಅವರು?"

ಅವನು ನೆಲ ನೋಡಿದ. "ಮದವಿಗೇ. ದೊಡ್ಡ ದೊಡ್ಡ ಹಾಲ್‌ಗೋಳು ಅವ ಅವರ ಕಡೆ. ಸದ್ದಿಗೂ ನಿಲ್ಲೂ, ಸದ್ದ ಇಲ್ದನೂ ನಿಲ್ಲೂ ಕುದುರಿ ಎಲ್ಲಿ ಸಿಗ್ತದ ಹೇಳ್ರಿ?"

"ಮದವಿಗೆ ಕಳಸೂದಿಲ್ಲ ಅಂತ ಭೀಮಿ ಆಣೆ ಮಾಡಿದ್ದೆಲ್ಲ?"

"ನಾ ಎಲ್ಲಿ ಕಳಸ್ತೀನ್ರಿ ಅಕ್ಕಾರ? ಇನ್ಮ್ಯಾಲ ಕಳಸಾಂವ ಅಂವ."

ಹೇಳಿ ನಗಲು ನೋಡಿದ. ನಾನು ನಗದಿದ್ದುದನ್ನು ಕಂಡು ಮುಖ ತಿರುಗಿಸಿದ. ಟ್ರಕ್ಕಿನ ಹಲಗೆಯ ಮೇಲೆ ಚಾಂದನಿ ಸ್ವಲ್ಪವೂ ತಕರಾರು ಮಾಡದೆ ಹತ್ತಿದಳು. ಹಾಗೆ ಹತ್ತಲು ಕಲಿಸಿದವಳೂ ನಾನೇ. ಬಾಗಿಲು ಹಾಕಿ, ಸರಪಳಿ ಸಿಕ್ಕಿಸಿ, ಪಾಟೀಲರು ನನಗೆ ಕೈ ಮುಗಿದು, ಹೋಳಿಗೆಯ ರುಚಿಯನ್ನು ಇನ್ನೊಮ್ಮೆ ಹೊಗಳಿ ಹೊರಟರು.

ಠಾಣೆಯವರೆಗೆ ಕಾಕು ನನ್ನ ಬೂಟಿನ ಚೀಲ ತಮ್ಮ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಠಾಣೆಯಲ್ಲಿ ಇಳಿದು, ವಡಾಪಾವ್ ತಂದು ನನ್ನ ಕೈಗಿಟ್ಟು, "ಖಾ," ಎಂದರು. ತಿಂದೆ. ಊರಿಗೆ ಫೋನು ಮಾಡಿದಾಗ ತಮ್ಮ ಎಂದಿನಂತೆ, "ಅಲ್ಲಿ ಮಂದಿ ಹ್ಯಾಂಗದಾರ ಅಕ್ಕಾ? ಮೋಸ ಗೀಸ ಮಾಡ್ಯಾರು, ಹುಷಾರಿ," ಎಂದ. ಇಲ್ಲಿಯ ಮಂದಿ ಒಳ್ಳೆಯವರೇ ಎಂದೆ. ಮೋಸ ಮಾಡಿದವರು ಎಲ್ಲಿಯವರು ಎಂದು ಹೇಳಲು ಬಾಯಿ ಬರಲಿಲ್ಲ.

ಹಗ್ಗವನ್ನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಲು ಕಟ್ಟಿದ್ದೇನೆ. ಗಟ್ಟಿ ಹಗ್ಗ, ಬಿಸಾಡಲು ಮನಸ್ಸು ಬರಲಿಲ್ಲ. ಮದುವೆಯ ಹಂಗಾಮಿನಲ್ಲಿ ಕೆಳಗೆ ಬ್ಯಾಂಡು ಬಂದರೆ ಕಿಟಕಿ ಹಾಕುತ್ತೇನೆ. ಮರಾಠಿ ಈಗ ಬರುತ್ತದೆ. ಕಾಕು ಕಲಿಸಿದ್ದಾರೆ, ಬೈಗುಳದ ಸಮೇತ.

ಮೊನ್ನೆ ಗಂಟೆ ಸದ್ದಾಯಿತೆಂದು ಬಾಗಿಲು ತೆರೆದರೆ ಮಲ್ಲಣ್ಣ. ನೀರು ಕೊಡದೆ ಕಳಿಸಲು ನಮ್ಮವ್ವ ನನಗೆ ಕಲಿಸಿಲ್ಲ, ಕೊಟ್ಟೆ. ಕುಡಿದು ಲೋಟ ಕೆಳಗಿಡುತ್ತ ಹೇಳಿದ: "ಅಕ್ಕಾರ, ಒಂದು ಕರಿ ಕುದುರಿ ಬಂದದ. ಸಣ್ಣದು. ಯಾರನ್ನೂ ಹತ್ರ ಬಿಡವಲ್ದು. ನಿಮ್ಮ ಕೈ ಬೇಕಾಗ್ಯದ."

"ಮಲಾ ವೇಳ ನಾಹೀ," ಎಂದೆ. ನನಗೆ ಪುರುಸೊತ್ತಿಲ್ಲ.

"ಅಕ್ಕಾರ, ನನ್ನ ಜೋಡಿ ಮರಾಠಿ ಯಾಕ್ರಿ? ಕನ್ನಡದಾಗ ಬೈರಿ ಬೇಕಾದ್ರ."

"ಜಾ ಆತಾ," ಎಂದೆ. ಇನ್ನು ಹೋಗು.

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಲಿಫ್ಟು ಕೆಟ್ಟಿತ್ತು, ಮೆಟ್ಟಿಲು ಇಳಿಯತೊಡಗಿದ. ಮೊದಲ ತಿರುವಿಗೆ ಅವನ ತಲೆ ಮರೆಯಾಗುವಾಗ ನನ್ನ ಬಾಯಿಂದ ತಾನಾಗಿಯೇ ಹೊರಟಿತು:

"ಮೇವರ ತಿಂತೈತೇನ ಅದು?"

ಕೆಳಗೆ ಚಪ್ಪಲಿಯ ಸದ್ದು ನಿಂತಿತು. ಅವನು ಉತ್ತರ ಕೊಡುವ ಮೊದಲೇ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ.