ಕನ್ನಡಕದವನ ಹಿಂದಿನ ಸೀಟು

ವಾರದಲ್ಲಿ ಆರು ದಿನ ಅವನು ಕನ್ನಡಕದ ಅಂಗಡಿಯವನು. ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, "ಒತ್ತುತ್ತಾ? ಜಾರುತ್ತಾ?" ಎಂದು ಕೇಳುವುದೇ ಅವನ ಕೆಲಸ. ಸಾಸಿವೆಯಷ್ಟು ಸ್ಕ್ರೂ ಕೆಳಗೆ ಬಿದ್ದರೂ ಸದ್ದು ಕೇಳಿಯೇ ಅದು ಯಾವ ಕಪಾಟಿನ ಅಡಿಗೆ ಹೋಯಿತೆಂದು ಹೇಳಬಲ್ಲ ಆಸಾಮಿ. ಏಳನೆಯ ದಿನ ಮಾತ್ರ ಅವನು ಬೇರೆಯೇ ಮನುಷ್ಯ. ಭಾನುವಾರ ಬೆಳಗಾಯಿತೆಂದರೆ ಮೊಣಕಾಲಿಗೆ ಗಾರ್ಡು, ಮೈಗೆ ಜಾಕೆಟ್ಟು, ಕೈಗೆ ಗ್ಲೌಸು, ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ಯುದ್ಧಕ್ಕೆ ಹೊರಟವನ ಗತ್ತಿನಲ್ಲಿ ಬೈಕು ಹತ್ತುತ್ತಿದ್ದ. ಹೋಗುತ್ತಿದ್ದದ್ದು ಹೆಚ್ಚಿನ ಭಾನುವಾರಗಳಂದು ಪೆಟ್ರೋಲ್ ಬಂಕಿನ ಪಕ್ಕದ ಚಹಾದಂಗಡಿಗೆ ಮಾತ್ರ.

ಅಲ್ಲಿ ಅವನ ಬಳಗ ಸೇರುತ್ತಿತ್ತು. ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರು ಎಲ್ಲರಿಗಿಂತ ಹಿರಿಯರು. ಆಸ್ಪತ್ರೆಯ ನರ್ಸಮ್ಮ ಎಲ್ಲರಿಗಿಂತ ಚೆನ್ನಾಗಿ ಬೈಕು ಓಡಿಸುವವಳು. ಉಳಿದ ನಾಲ್ಕಾರು ಮಂದಿ ಎಲ್ಲರಿಗಿಂತ ಜೋರಾಗಿ ಮಾತಾಡುವವರು. ಆ ವಾರ ಯಾರು ಏನು ಕೊಂಡರೋ ಅದನ್ನು ತಂದು ಮೇಜಿನ ಮೇಲೆ ಇಡಬೇಕು. ಗ್ಲೌಸಾದರೆ ಎಲ್ಲರೂ ತೊಟ್ಟು ನೋಡಬೇಕು, ಹಾರ್ನಾದರೆ ಎಲ್ಲರೂ ಒಮ್ಮೆ ಒತ್ತಿ ನೋಡಬೇಕು. ನೋಡಿದ ಮೇಲೆ ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ಮನೆಯಲ್ಲಿ ಬೈಸಿಕೊಂಡು ತಂದ ವಸ್ತುವನ್ನು ಇಲ್ಲಾದರೂ ನಾಲ್ಕು ಜನ ಹೊಗಳಲಿ ಎನ್ನುವುದು ಅವರವರಲ್ಲೇ ಆದ ಒಪ್ಪಂದ. ಹಾಗೆ ಹೊಗಳಿಸಿಕೊಂಡ ಸಾಮಾನೆಲ್ಲ ಕನ್ನಡಕದವನ ಮನೆಯಲ್ಲಿ ಒಂದು ಇಡೀ ಕಪಾಟನ್ನು ತುಂಬಿ, ಈಗೀಗ ಹೆಂಡತಿಯ ಬಟ್ಟೆಗಳಿದ್ದ ಕಪಾಟಿನೊಳಗೂ ಮೆಲ್ಲಗೆ ಕಾಲು ಚಾಚುತ್ತಿತ್ತು.

ಹೆಂಡತಿ ಶಾಲೆಯಲ್ಲಿ ಆಟದ ಟೀಚರ್. ಮೈದಾನದ ಈ ತುದಿಯಲ್ಲಿ ನಿಂತು ಸೀಟಿ ಊದಿದರೆ ಆ ತುದಿಯ ಮಕ್ಕಳು ನಿಂತಲ್ಲೇ ನಿಲ್ಲುತ್ತಿದ್ದರು. ಹೆದರಿಕೆ ಎನ್ನುವುದು ಅವಳ ಜಾತಕದಲ್ಲೇ ಇರಲಿಲ್ಲ. ಆದರೂ ಅವಳು ಗಂಡನ ಬೈಕು ಹತ್ತುತ್ತಿರಲಿಲ್ಲ. ಕಾರಣ ಒಂದು ರೇನ್‌ಕೋಟು.

ಮದುವೆಯಾದ ಹೊಸತು. ಬೈಕೂ ಹೊಸತು. ಬೈಕಿಗೆ ಹಿಂದಿನ ದಿನವಷ್ಟೇ ಚರ್ಮದ ಚೀಲವೊಂದನ್ನು ಹೊಲಿಸಿ ಕಟ್ಟಿದ್ದ. ಇಬ್ಬರೂ ಊರ ಹೊರಗೆ ಹೊರಟಾಗ ದಾರಿಯಲ್ಲಿ ಹೇಳದೆ ಕೇಳದೆ ಮಳೆ ಸುರಿಯಿತು. ಇದ್ದದ್ದು ಒಂದೇ ರೇನ್‌ಕೋಟು. ಅವನು ಗಾಬರಿಯಲ್ಲಿ ಬೈಕು ನಿಲ್ಲಿಸಿ, ಇಳಿದು, ಆ ರೇನ್‌ಕೋಟನ್ನು ಬಿಡಿಸಿ ಚರ್ಮದ ಚೀಲಕ್ಕೆ ಹೊದಿಸಿದ! ನಾಲ್ಕೂ ಕಡೆ ಚೆನ್ನಾಗಿ ಸಿಕ್ಕಿಸಿ, ಸಮಾಧಾನದಿಂದ ತಿರುಗಿ ನೋಡಿದರೆ ಹೊಸ ಹೆಂಡತಿ ತೊಪ್ಪೆಯಾಗಿ ನಿಂತಿದ್ದಳು. ಅವಳು ಕೂಗಾಡಲಿಲ್ಲ. "ನಿಮ್ಮ ಬೈಕಿನ ಜೊತೆ ನೀವೇ ಸುತ್ತಿ, ನನ್ನನ್ನ ಮಾತ್ರ ಕರೀಬೇಡಿ" ಎಂದಷ್ಟೇ ಹೇಳಿ, ಬಂದ ಬಸ್ಸಿಗೆ ಕೈ ಅಡ್ಡ ಹಾಕಿ ಹತ್ತಿ ಹೋದಳು. ಈ ಪುಣ್ಯಾತ್ಮ ಆ ಮಾತನ್ನು ಕಲ್ಲಿನ ಮೇಲೆ ಕೆತ್ತಿದ್ದು ಎಂದುಕೊಂಡು, ಆಮೇಲೆ ಎಂದೂ ಅವಳನ್ನು ಕರೆಯಲೇ ಇಲ್ಲ.

ಬಳಗದವರು ವರ್ಷಕ್ಕೊಮ್ಮೆ ಬೆಟ್ಟದ ಮೇಲಿನ ಕೆರೆಗೆ ಜೋಡಿ ಸವಾರಿ ಹೋಗುತ್ತಿದ್ದರು. ಹೆಂಡತಿಯೋ ಗಂಡನೋ ತಾಯಿಯೋ ಮಗಳೋ, ಒಟ್ಟಿನಲ್ಲಿ ಮನೆಯವರೊಬ್ಬರು ಹಿಂದೆ ಕೂತಿರಬೇಕು. ಕನ್ನಡಕದವನು ಮಾತ್ರ ಪ್ರತಿ ಸಲವೂ ಒಂಟಿ. "ಸ್ಕೂಲಲ್ಲಿ ಮ್ಯಾಚಿದೆಯಂತೆ" ಎಂದು ಒಂದು ವರ್ಷ, "ಸೊಂಟ ಉಳುಕಿದೆಯಂತೆ" ಎಂದು ಇನ್ನೊಂದು ವರ್ಷ ಸುಳ್ಳು ಪೋಣಿಸುತ್ತಿದ್ದ. ಆದರೆ ಕಳೆದ ವರ್ಷ ಕೆರೆಯ ದಂಡೆಯಲ್ಲಿ ಪ್ರೆಸ್ಸಿನ ಯಜಮಾನರ ಹೆಂಡತಿ ತಮ್ಮ ಗಂಡನ ಬಾಯೊರೆಸಿ, "ಇಷ್ಟು ವಯಸ್ಸಾದ್ರೂ ಬನ್ ತಿನ್ನೋಕೆ ಬರಲ್ಲ ನಿಮಗೆ" ಎಂದು ಗದರಿದ್ದನ್ನು ನೋಡಿದಾಗ ಅವನು ತನ್ನ ಬಾಯನ್ನು ತಾನೇ ಒರೆಸಿಕೊಂಡ. ತನ್ನನ್ನು ಬಯ್ಯಲು ಅಲ್ಲಿ ಯಾರೂ ಇರಲಿಲ್ಲ. ಮುಂದಿನ ಸಲ ಅವಳನ್ನು ಕರೆತರಲೇಬೇಕು, ಇಲ್ಲದಿದ್ದರೆ ತಾನೂ ಬರುವುದಿಲ್ಲ ಎಂದು ಅಂದೇ ತೀರ್ಮಾನ ಮಾಡಿಬಿಟ್ಟ.

ಬಾಯಿಬಿಟ್ಟು ಕರೆಯುವುದೊಂದನ್ನು ಬಿಟ್ಟು ಮಿಕ್ಕೆಲ್ಲ ತಯಾರಿಯನ್ನೂ ಅವನು ಮಾಡಿಕೊಂಡ. ಹೊಸ ಕನ್ನಡಕ ಮಾಡಿಕೊಡುವ ನೆಪ ಹೇಳಿ ಒಂದು ಸಂಜೆ ಅವಳನ್ನು ಅಂಗಡಿಯ ಕುರ್ಚಿಯಲ್ಲಿ ಕೂರಿಸಿ, ಹಣೆಯ ಸುತ್ತ ಟೇಪು ಸುತ್ತಿದ.

"ರೀ, ಕನ್ನಡಕಕ್ಕೆ ತಲೆಯ ಸುತ್ತಳತೆ ಯಾಕೆ?"

"ಹೊಸ ಮಾಡೆಲ್ ಕಣೇ. ಇಡೀ ತಲೆಗೆ ಕೂರುತ್ತೆ."

"ಭುಜದ ಅಳತೆ ಯಾಕೆ?"

"ಸುಮ್ನೆ ನೆಟ್ಟಗೆ ಕೂತ್ಕೊ."

ಅವಳು ತುಟಿ ಕಚ್ಚಿ ನಗು ತಡೆದುಕೊಂಡು ನೆಟ್ಟಗೆ ಕೂತಳು. ಅವಳಿಗೆ ಅರ್ಥವಾಗದೇ ಇರಲು ಅವಳೇನು ಒಂದನೇ ಕ್ಲಾಸಿನ ಮಗುವೇ?

ಇಟ್ಟಿಗೆ ಬಣ್ಣದ ಹೆಲ್ಮೆಟ್ಟು, ಅದೇ ಬಣ್ಣದ ಪಟ್ಟಿಯಿದ್ದ ಜಾಕೆಟ್ಟು, ಕೈಗೆ ಮೆತ್ತಗಿನ ಗ್ಲೌಸು. ಇವನ್ನು ಅವನು ಚಹಾದಂಗಡಿಯ ಮೇಜಿನ ಮೇಲೆ ಇಡಲಿಲ್ಲ. ಸೀದಾ ಮನೆಗೆ ತಂದು ಊಟದ ಮೇಜಿನ ಮೇಲಿಟ್ಟು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ಗೋಡೆಗೆ ಒರಗಿ ನಿಂತ. ಅವಳು ಒಂದೊಂದನ್ನೂ ತಿರುಗಿಸಿ ನೋಡಿದಳು. ಹೆಲ್ಮೆಟ್ಟು ಹಾಕಿಕೊಂಡು ಅಡುಗೆಮನೆಗೆ ಹೋಗಿ ಒಲೆಯ ಮೇಲಿದ್ದ ಹಾಲು ಇಳಿಸಿದಳು. ಅದರೊಳಗಿಂದಲೇ ಕೇಳಿದಳು.

"ಮಳೆ ಬಂದ್ರೆ ರೇನ್‌ಕೋಟು ಯಾರಿಗೆ?"

"ನಿನಗೆ! ಎರಡು ತರ್ತೀನಿ. ಎರಡೂ ನಿನಗೇ."

"ಸರಿ, ಬರ್ತೀನಿ."

ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು. ಅವಳು ಒಪ್ಪಿದ ಮೇಲೆ ಅವಳಿಗೆ ಯಾವುದಕ್ಕೂ ಕೊರತೆಯಾಗಬಾರದಲ್ಲ! ಬಿಸಿನೀರಿನ ಫ್ಲಾಸ್ಕು, ಕೊಡೆ, ಕಂಬಳಿ, ಬೆನ್ನಿಗೆ ದಿಂಬು, ಕೆರೆಯ ದಂಡೆಯಲ್ಲಿ ಕೂರಲು ಮಡಚುವ ಕುರ್ಚಿ, ಆ ಕುರ್ಚಿಯ ಮುಂದೆ ಕಾಲಿಟ್ಟುಕೊಳ್ಳಲು ಸಣ್ಣ ಸ್ಟೂಲು. ಇಷ್ಟನ್ನೂ ಹೊರಬೇಕೆಂದರೆ ಬೈಕಿಗೆ ಒಳ್ಳೆಯ ಕ್ಯಾರಿಯರ್ ಬೇಕು. ಸವಾರಿಯ ಹಿಂದಿನ ಸಂಜೆ ಬಿಡಿಭಾಗಗಳ ಅಂಗಡಿಗೆ ಓಡಿದ. ಅಂಗಡಿಯವನು ಕಪ್ಪು ಬಣ್ಣದ, ಕೈ ಸವರಿದರೆ ಎಲ್ಲೂ ತೊಡಕದ ಕ್ಯಾರಿಯರ್ ಒಂದನ್ನು ತೋರಿಸಿ, "ಸರ್, ಇದನ್ನ ಕೂರಿಸ್ಬೇಕಂದ್ರೆ ಹಳೇದು ಬಿಚ್ಬೇಕಾಗುತ್ತೆ" ಎಂದ. "ಬಿಚ್ಚಪ್ಪಾ, ಬಿಚ್ಚು" ಎಂದ ಇವನು. ಬಿಚ್ಚಿದ್ದನ್ನು ಅಂಗಡಿಯವನೇ ಇಟ್ಟುಕೊಂಡ. ಇವನು ಹೊಸ ಕ್ಯಾರಿಯರಿನ ಫೋಟೋ ಹೊಡೆದು ಬಳಗಕ್ಕೆ ಕಳಿಸಿದ. ಕ್ಷಣದಲ್ಲಿ ಹೊಗಳಿಕೆ ಸುರಿಯಿತು. "ವೆಲ್ಡಿಂಗ್ ನೋಡ್ರಪ್ಪಾ!" ಎಂದು ಯಜಮಾನರು ಬರೆದರು. ಅವನು ಆ ಸಂಜೆಯೇ ಫ್ಲಾಸ್ಕಿನಿಂದ ಹಿಡಿದು ಸ್ಟೂಲಿನವರೆಗೆ ಎಲ್ಲವನ್ನೂ ಅದರ ಮೇಲೆ ಕಟ್ಟಿ, ಹಗ್ಗ ಬಿಗಿದು, ಕವರು ಹೊದಿಸಿದ.

ಬೆಳಿಗ್ಗೆ ಬಳಗದವರೆಲ್ಲ ಅವನ ಮನೆಯ ಮುಂದೆಯೇ ಬಂದು ಸೇರಿದರು. ಆಟದ ಟೀಚರು ಬರುತ್ತಾರಂತೆ ಎಂಬ ಸುದ್ದಿ ಅಷ್ಟು ದೊಡ್ಡದಾಗಿತ್ತು. ಅವಳು ಜಾಕೆಟ್ಟು ತೊಟ್ಟು, ಹೆಲ್ಮೆಟ್ಟಿನ ಪಟ್ಟಿ ಬಿಗಿದು, ಗ್ಲೌಸು ಎಳೆದುಕೊಳ್ಳುತ್ತ ಮೆಟ್ಟಿಲಿಳಿದು ಬಂದಳು. ಅವನು ಠೀವಿಯಿಂದ ಕವರು ಎಳೆದ. ಅವಳು ಬೈಕಿನ ಎಡಕ್ಕೆ ಬಂದಳು. ಬಲಕ್ಕೆ ಹೋದಳು. ಹಿಂದಕ್ಕೆ ಹೋಗಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೀ, ನಾನೆಲ್ಲಿ ಕೂರ್ಲಿ?"

ಅವನು "ಹಿಂದೆ..." ಎಂದು ಕೈ ತೋರಿಸಿ, ತೋರಿಸಿದ ಕೈಯನ್ನು ಹಾಗೇ ಹಿಡಿದು ನಿಂತುಬಿಟ್ಟ. ಹಿಂದಿನ ಸೀಟು ಇದ್ದ ಜಾಗದಲ್ಲಿ ಕ್ಯಾರಿಯರ್ ಇತ್ತು. ಕ್ಯಾರಿಯರಿನ ಮೇಲೆ ಅವಳಿಗಾಗಿ ಕುರ್ಚಿ, ಅವಳಿಗಾಗಿ ದಿಂಬು, ಅವಳ ಕಾಲಿಗಾಗಿ ಸ್ಟೂಲು ಇದ್ದವು. ಅವಳೊಬ್ಬಳಿಗೆ ಜಾಗವಿರಲಿಲ್ಲ. ನಿನ್ನೆ ಅಂಗಡಿಯವನು ಹಳೇದು ಬಿಚ್ಚಬೇಕು ಎಂದದ್ದು ಯಾವುದನ್ನು ಎಂದು ಅವನಿಗೆ ಆಗ ಹೊಳೆಯಿತು. ತಾನೇ ನಿಂತು, ಟಾರ್ಚು ಹಿಡಿದು ಬಿಚ್ಚಿಸಿದ್ದನಲ್ಲ! ಮುಗಿಯಿತು, ಇನ್ನು ಈ ಜನ್ಮದಲ್ಲಿ ಅವಳು ಬೈಕು ಹತ್ತುವುದಿಲ್ಲ ಅಂದುಕೊಂಡ. ಬಳಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಫೋಟೋ ನೋಡಿದಾಗ ನಮಗೂ ಹೊಳೀಲಿಲ್ಲ ತಾಯಿ" ಎಂದು ಯಜಮಾನರು ತಲೆ ಕೆರೆದುಕೊಂಡರು. "ನಾವೆಲ್ಲ ವೆಲ್ಡಿಂಗ್ ನೋಡ್ತಿದ್ವಿ."

ಅಷ್ಟೇ ಸಾಕಾಯಿತು. ಅವಳು ಮೊದಲು ಮೂಗಿನಲ್ಲಿ ಒಂದು ಸದ್ದು ಮಾಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡಳು. ನಗುನಗುತ್ತಾ ಮೆಟ್ಟಿಲ ಮೇಲೆ ಕುಸಿದು, ಹೆಲ್ಮೆಟ್ಟಿನ ಗಾಜೆಲ್ಲ ಮಂಜಾಗಿ, ಅದನ್ನು ಮೇಲೆತ್ತಿ ಕಣ್ಣೊರೆಸಿಕೊಂಡಳು. ಬೀದಿಗೆ ಬೀದಿಯೇ ನಕ್ಕಿತು. ಇಂಗು ತಿಂದ ಮಂಗನಂತೆ ನಿಂತಿದ್ದವನು ಅವನೊಬ್ಬನೇ.

ನರ್ಸಮ್ಮನ ಗಂಡನಿಗೆ ಮೊಣಕಾಲು ನೋವು, ಆ ಸಲ ಬಂದಿರಲಿಲ್ಲ. ಅವಳ ಹಿಂದಿನ ಸೀಟು ಖಾಲಿಯಿತ್ತು. "ಅಕ್ಕಾ, ಬನ್ನಿ ಈ ಕಡೆ. ನನ್ನ ಗಾಡಿಗೆ ಸೀಟಿದೆ" ಎಂದಳು. ಆಟದ ಟೀಚರ್ ಒಂದು ಕ್ಷಣ ಗಂಡನ ಕಡೆ ನೋಡಿ, ಹೋಗಿ ಕಾಲು ಹಾಕಿ ಕೂತೇಬಿಟ್ಟಳು.

ದಾರಿಯುದ್ದಕ್ಕೂ ಅವನು ಆ ಬೈಕಿನ ಹಿಂದೆಯೇ ಹೋದ. ಮುಂದೆ ಇಟ್ಟಿಗೆ ಬಣ್ಣದ ಹೆಲ್ಮೆಟ್ಟು ಕಾಣುತ್ತಿತ್ತು. ತಿರುವಿನಲ್ಲಿ ಅದು ಎಡಕ್ಕೆ ವಾಲುತ್ತಿತ್ತು, ಬಲಕ್ಕೆ ವಾಲುತ್ತಿತ್ತು, ಇಳಿಜಾರಿನಲ್ಲಿ ಅವಳು ಎರಡೂ ಕೈ ಎತ್ತಿ ಮಕ್ಕಳ ಹಾಗೆ ಕೂಗಿದ್ದು ಎಂಜಿನ್ನಿನ ಸದ್ದನ್ನೂ ಮೀರಿ ಕೇಳಿಸಿತು. ನರ್ಸಮ್ಮ ಏನೋ ಹೇಳುತ್ತಿದ್ದಳು, ಅವಳು ಬಗ್ಗಿ ಕೇಳಿ ನಗುತ್ತಿದ್ದಳು. ಇವನ ಬೆನ್ನ ಹಿಂದೆ ಕುರ್ಚಿ ಗಡಗಡ ಅನ್ನುತ್ತಿತ್ತು. ಅವಳು ಬಂದಳೆಂಬ ಖುಷಿ, ತನ್ನ ಜೊತೆ ಬರಲಿಲ್ಲವೆಂಬ ಹೊಟ್ಟೆಕಿಚ್ಚು, ಎರಡೂ ಸೇರಿ ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೆರೆಯ ದಂಡೆಯಲ್ಲಿ ಅವನು ಬೇಗ ಬೇಗ ಕುರ್ಚಿ ಬಿಡಿಸಿ, ಸ್ಟೂಲು ಹಾಕಿ, ದಿಂಬು ಇಟ್ಟ. ಅವಳು ಅದರಲ್ಲಿ ಕೂರದೆ ಹುಲ್ಲಿನ ಮೇಲೆ ಕೂತಳು. ಅವನೂ ಪಕ್ಕದಲ್ಲಿ ಕೂತ. ಕುರ್ಚಿಯನ್ನು ಯಜಮಾನರ ಹೆಂಡತಿ ಹೋಗಿ ಹಿಡಿದುಕೊಂಡರು.

"ಏನ್ ಚೆನ್ನಾಗಿತ್ತು ರೀ!" ಎಂದಳು ಅವಳು. ಗಾಳಿಗೆ ಮುಖ ಕೆಂಪಾಗಿತ್ತು. "ಇಷ್ಟು ವರ್ಷ ಪ್ರತಿ ಭಾನುವಾರ ಗೇಟ್ ಹತ್ರ ನಿಂತು ನಿಮ್ಮ ಬೆನ್ನು ನೋಡಿದೀನಿ. ಇವತ್ತು ನನ್ನ ಬೆನ್ನು ನೋಡ್ಕೊಂಡು ಬಂದ್ರಲ್ಲ, ಹೇಗಿತ್ತು?"

"ಚೆನ್ನಾಗಿರಲಿಲ್ಲ ಕಣೇ" ಎಂದ ಅವನು. "ನೀನು ಗೇಟ್ ಹತ್ರ ನಿಲ್ತಿದ್ದೆ ಅಂತಾನೇ ಗೊತ್ತಿರಲಿಲ್ಲ."

"ತಿರುಗಿ ನೋಡಿದ್ರೆ ತಾನೆ?"

"ಕರೀಬೇಡಿ ಅಂದಿದ್ದೆಯಲ್ಲ ನೀನು."

"ನೆನೆದು ನಡುಗ್ತಾ ಹೇಳಿದ ಮಾತು ಅದು. ಮಾರನೇ ವಾರ ಕರೆದಿದ್ರೆ ಬರ್ತಿದ್ದೆ. ಒಂದು ನಾಲ್ಕು ಬೈದು, ಬರ್ತಿದ್ದೆ."

ಕರೆದಿದ್ದರೆ ಬರುತ್ತಿದ್ದಳು! ಅಷ್ಟು ವರ್ಷ ಅವನು ಒಂದು ಮಾತು ಆಡುವ ಬದಲು ಕಪಾಟು ತುಂಬಿಸಿದ್ದ. ಅವನಿಗೆ ನಿಜವಾಗಿಯೂ ದುಃಖವಾಯಿತು. ಕೈಲಿದ್ದ ಬನ್ನನ್ನು ಸುಮ್ಮನೆ ಬಾಯಿಗಿಟ್ಟುಕೊಂಡ.

"ಮುಂದಿನ ಭಾನುವಾರ ನನ್ನ ಜೊತೆ ಬರ್ತೀಯಾ?" ಎಂದು ಕೇಳಿದ. ತುಂಬಿದ ಬಾಯಲ್ಲೇ ಕೇಳಿದ, ತಡಮಾಡಲು ಧೈರ್ಯವಿರಲಿಲ್ಲ.

"ಮೊದಲು ಸೀಟು ತನ್ನಿ" ಎಂದಳು ಅವಳು. "ನೀವೊಬ್ರೇ ಹೋಗಿ ತರಬೇಡಿ. ಕೂರೋಳು ನಾನು, ನಾನೂ ಬರ್ತೀನಿ."

ಮಾರನೆಯ ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಬಿಡಿಭಾಗಗಳ ಅಂಗಡಿಯಲ್ಲಿದ್ದರು. ಹಳೆಯ ಸೀಟು ಅಷ್ಟರಲ್ಲೇ ಯಾರ ಬೈಕಿಗೋ ಹೋಗಿತ್ತು. ಅಂಗಡಿಯವನು ಹೊಸದೊಂದನ್ನು ತಂದಿಟ್ಟ. ಅವಳು ಹೆಬ್ಬೆರಳಿನಿಂದ ಒತ್ತಿ ನೋಡಿ, "ಗಟ್ಟಿ" ಎಂದಳು. ಇನ್ನೊಂದು ಬಂತು. ಅದನ್ನು ಕೌಂಟರಿನ ಪಕ್ಕದ ಬೆಂಚಿನ ಮೇಲಿಟ್ಟು, ಮೇಲೆ ಕೂತು, ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ಸರಿದು, "ಜಾರುತ್ತೆ" ಎಂದಳು. ಮೂರನೆಯದರ ಹೊಲಿಗೆ ಎಣಿಸಿದಳು, ನಾಲ್ಕನೆಯದರ ಬಣ್ಣ ಹಿಡಿಸಲಿಲ್ಲ. ಬೇರೆ ಗಿರಾಕಿಗಳು ಕಾದು ನಿಂತರು. ಅಂಗಡಿಯವನು ಹಣೆಯ ಬೆವರು ಒರೆಸಿಕೊಂಡು, "ಸರ್, ನಿಮಗಿಂತ ಮೇಡಮ್ಮೇ ಜೋರು" ಎಂದು ಇವನ ಕಿವಿಯಲ್ಲಿ ಹೇಳಿದ. ಇವನು ಹೆಂಡತಿಯ ಚೀಲ, ಹೆಲ್ಮೆಟ್ಟು, ಕೊರಳಿಂದ ತೆಗೆದುಕೊಟ್ಟ ಸೀಟಿ ಎಲ್ಲವನ್ನೂ ಹಿಡಿದುಕೊಂಡು, ಬಾಗಿಲ ಬಳಿ ಹಲ್ಲು ಕಿರಿದು ನಿಂತಿದ್ದ. ಆ ಅಂಗಡಿಯಲ್ಲಿ ಅವನು ಅಷ್ಟು ಹೊತ್ತು ನಿಂತು ಏನನ್ನೂ ಕೊಳ್ಳದೆ ಇದ್ದದ್ದು ಅದೇ ಮೊದಲು, ಮತ್ತು ಅಷ್ಟು ಸಂತೋಷಪಟ್ಟದ್ದೂ ಅದೇ ಮೊದಲು.

ಕೊನೆಗೊಂದು ಸೀಟು ಒಪ್ಪಿಗೆಯಾಯಿತು. ಅಂಗಡಿಯ ಮುಂದೆಯೇ ಕ್ಯಾರಿಯರ್ ಬಿಚ್ಚಿ ಅದನ್ನು ಕೂರಿಸಿದರು. ಅವನು ಹತ್ತಿ ಕೂತ, ಅವಳು ಅವನ ಹೆಗಲು ಹಿಡಿದು ಹಿಂದೆ ಕೂತಳು. ಹೆಗಲ ಮೇಲೆ ಬಿದ್ದ ಆ ಭಾರ ಅವನಿಗೆ ಹೊಸದು. ಎಂಜಿನ್ನು ಶುರುವಾಯಿತು, ಬೈಕು ಮಾತ್ರ ಹೊರಡಲಿಲ್ಲ.

"ಯಾಕೆ ನಿಂತ್ರಿ? ಹೊರಡಿ."

"ಇರೇ, ಒಂದು ನಿಮಿಷ" ಎಂದು ಅವನು ಎಡಗಡೆಯ ಕನ್ನಡಿಯನ್ನು ತಿರುಗಿಸತೊಡಗಿದ. ಇತ್ತ ತಿರುಗಿಸಿದ, ಅತ್ತ ತಿರುಗಿಸಿದ, ಇಟ್ಟಿಗೆ ಬಣ್ಣದ ಹೆಲ್ಮೆಟ್ಟು ಕಂಡಿತು. ಇನ್ನೂ ಕೊಂಚ ಬಗ್ಗಿಸಿದಾಗ ಅದರೊಳಗೆ ಅವಳ ಕಣ್ಣು ಕಂಡವು. ಅವು ಅವನನ್ನೇ ನೋಡುತ್ತಿದ್ದವು. ಅವನು ಕನ್ನಡಿಯನ್ನು ಅಲ್ಲಿಗೇ ಬಿಟ್ಟು ಗೇರು ಹಾಕಿದ. ರಸ್ತೆ ನೋಡುವುದಕ್ಕೆ ಬಲಗಡೆ ಇನ್ನೊಂದು ಕನ್ನಡಿ ಇತ್ತು.