ಗೋಡೆಗೆ ಹಾಕಿದ ಎಡೆ

ಬ್ರೆಡ್ಡಿಗೂ ಒಂದು ಮ್ಯೂಸಿಯಂ ಇದೆ ಎಂದು ತಿಳಿದಾಗ, ಅಲ್ಲಿ ತಿನ್ನಲು ಏನಾದರೂ ಸಿಕ್ಕೇ ಸಿಗುತ್ತದೆ ಎಂದುಕೊಂಡು ಬೆಳಗಿನ ತಿಂಡಿ ಬಿಟ್ಟು ಹೋಗಿದ್ದೆ. ಮಹಡಿಯ ಮೇಲೆ ಮಹಡಿ ಹತ್ತಿ ಇಳಿದರೂ ಒಂದು ಚೂರು ಬ್ರೆಡ್ಡಿಲ್ಲ. ಇದ್ದದ್ದು ಗಾಜಿನ ಪೆಟ್ಟಿಗೆಯೊಳಗೆ ಕಲ್ಲಾಗಿ ಹೋದ ಒಂದು ತುಂಡು. ಯುದ್ಧದ ಕಾಲದ್ದಂತೆ, ಹಿಟ್ಟು ಸಾಲದೆ ಮರದ ಹೊಟ್ಟು ಬೆರೆಸಿ ಸುಟ್ಟಿದ್ದಂತೆ. ಅದರ ನೆತ್ತಿಗೆ ಒಂದು ದೀಪ, ಪಕ್ಕಕ್ಕೊಬ್ಬ ಕಾವಲುಗಾರ. ಜನ ಗರ್ಭಗುಡಿಯ ಮುಂದೆ ನಿಂತ ಹಾಗೆ ಕೈಕಟ್ಟಿಕೊಂಡು ಅದನ್ನೇ ನೋಡುತ್ತಿದ್ದರು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ತಿನ್ನುವ ಪದಾರ್ಥಕ್ಕೆ ಇಂಥ ಗತಿ ತಂದವರನ್ನು ಮನಸ್ಸಿನಲ್ಲೇ ಬೈದುಕೊಂಡು ಹೊರಗೆ ಬಂದೆ.

ನಾನು ಹುಣಸೂರಿನಲ್ಲಿ ಹೈಸ್ಕೂಲಿನ ಡ್ರಾಯಿಂಗ್ ಟೀಚರು. ಬೇಸಿಗೆ ರಜೆಯಲ್ಲಿ ನನ್ನನ್ನು ಆ ಜರ್ಮನ್ ಊರಿಗೆ ಕರೆಸಿಕೊಂಡವಳು ಅಲ್ಲಿನ ಒಬ್ಬ ಕಲಾವಿದೆ. ಹಿಂದಿನ ಮಳೆಗಾಲದಲ್ಲಿ ಬೀಚನಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ ಕಲಾ ಶಿಬಿರ ನಡೆದಾಗ ಅವಳು ಬಂದಿದ್ದಳು. ನಮ್ಮಂಥ ಮೇಷ್ಟರುಗಳನ್ನೂ ಕರೆದಿದ್ದರು, ಅಲ್ಲಿ ಪರಿಚಯವಾಯಿತು. ಹಳ್ಳಿ ಮನೆ ನೋಡಬೇಕೆಂದಳು, ರಾವಂದೂರಿನ ಹತ್ತಿರದ ನನ್ನ ತವರಿಗೆ ಒಂದು ದಿನ ಬಾ ಎಂದಿದ್ದೆ. ಈಗ ಅವಳ ಪ್ರದರ್ಶನಕ್ಕೆ ನಾನು ಅತಿಥಿ. ಟಿಕೆಟ್ಟು ಪ್ರದರ್ಶನದವರದ್ದೇ. ಭಾನುವಾರ ಉದ್ಘಾಟನೆ, ಅಲ್ಲಿಯವರೆಗೆ ಅವಳಿಗೆ ಕೈತುಂಬ ಕೆಲಸ. ಊರಿನ ಎಲ್ಲ ಮ್ಯೂಸಿಯಮ್ಮುಗಳಿಗೂ ನಡೆಯುವ ಒಂದು ಪಾಸು ನನ್ನ ಕೈಗಿಟ್ಟು, "ನೀನು ಕಲೆ ಕಲಿಸುವವಳು, ಎಲ್ಲ ನೋಡು" ಎಂದಳು. ಒಳ್ಳೆಯ ಹೆಂಗಸು. ನನಗೆ ಅವರ ಊಟ ಸೇರದೆಂದು ದಿನಾ ರಾತ್ರಿ ಬೇಳೆ ಬೇಯಿಸಿ ಕೊಡುತ್ತಿದ್ದಳು. ಅದಕ್ಕೆ ಉಪ್ಪು ಹಾಕುವುದು ಮರೆಯುತ್ತಿದ್ದಳು ಅಷ್ಟೆ.

ನೋಡಿದೆ. ಹಂದಿಗಳ ಮ್ಯೂಸಿಯಂ ಒಂದಿತ್ತು. ಹಿಂದೆ ಕಸಾಯಿಖಾನೆಯಾಗಿದ್ದ ಕಟ್ಟಡವಂತೆ. ಕೋಣೆಯ ತುಂಬ ಪಿಂಗಾಣಿ ಹಂದಿ, ಗಾಜಿನ ಹಂದಿ, ಚಿನ್ನದ ಬಣ್ಣ ಬಳಿದ ಹಂದಿ, ಟೋಪಿ ಹಾಕಿಕೊಂಡು ನಗುವ ಹಂದಿ. ಕೆಳಗಿನ ಅಂತಸ್ತಿನಲ್ಲಿ ಹೋಟೆಲು, ಅಲ್ಲಿ ಅದೇ ಹಂದಿಯ ಬಾಡು. ನಾನೇನು ಪುಳಿಚಾರಿನವಳಲ್ಲ, ಬಾಡು ತಿಂದು ಬೆಳೆದವಳು. ಆದರೂ ಕೊಯ್ದ ಜಾಗದಲ್ಲೇ ಅದಕ್ಕೆ ಟೋಪಿ ತೊಡಿಸಿ ನಗಿಸುವುದು ನನಗೆ ಹೇಸಿಗೆ ಎನಿಸಿತು. ನಮ್ಮಲ್ಲಿ ಕೊಯ್ಯುವಾಗ ಕುರಿಯ ತಲೆಗೆ ನೀರು ಚಿಮುಕಿಸಿ ಅದು ಮೈ ಒದರಿ ಒಪ್ಪಿಗೆ ಕೊಟ್ಟಿತೋ ಇಲ್ಲವೋ ನೋಡುತ್ತಾರೆ. ಅಷ್ಟು ಮರ್ಯಾದೆಯಾದರೂ ಇದೆ.

ಮರುದಿನ ವೈದ್ಯಕೀಯ ಮ್ಯೂಸಿಯಂ. ಕುಷ್ಠ ಹತ್ತಿದ ಮುಖಗಳು, ಕೀವು ತುಂಬಿದ ತುಟಿಗಳು, ಎಲ್ಲವೂ ಮೇಣದಲ್ಲಿ, ಎಲ್ಲಕ್ಕೂ ನಿಜವಾದ ರೆಪ್ಪೆಗೂದಲು. ಅದನ್ನು ಹೇಗೋ ದಾಟಿದೆ. ಮುಂದಿನ ಕೋಣೆಯಲ್ಲಿ ಜಾಡಿಗಳಲ್ಲಿ ಕೂಸುಗಳಿದ್ದವು. ಹುಟ್ಟದೇ ಹೋದವು, ಹುಟ್ಟಿ ಉಸಿರಾಡದವು. ಒಂದಂತೂ ಹೆಬ್ಬೆರಳು ಬಾಯಿಗಿಟ್ಟುಕೊಂಡಿತ್ತು. ಅದರ ತಾಯಿ ಯಾರೋ, ಅವಳನ್ನು ಯಾರಾದರೂ ಕೇಳಿದ್ದರೋ ಇಲ್ಲವೋ. ಮಣ್ಣು ಮಾಡಿದ್ದರೆ ಆ ಕೂಸು ಎಂದೋ ಮಣ್ಣಾಗಿ ತಣ್ಣಗಿರುತ್ತಿತ್ತು. ನಾನು ಬೀದಿಗೆ ಓಡಿ ಬಂದು ಒಂದು ಮರದ ಬುಡದಲ್ಲಿ ವಾಂತಿ ಮಾಡಿಕೊಂಡೆ. ದಾರಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಒಂದು ಕಾಗದದ ಕರವಸ್ತ್ರ ಕೊಟ್ಟು ಮುಂದೆ ಹೋದಳು. ಪಾಸು ಇನ್ನೂ ಬಾಕಿಯಿತ್ತು, ನಾನು ಮತ್ತೆ ಎಲ್ಲಿಗೂ ಹೋಗಲಿಲ್ಲ.

ಭಾನುವಾರ ಬೆಳಿಗ್ಗೆ ಉದ್ಘಾಟನೆ. ಹಳೆಯ ಕಾರ್ಖಾನೆಯೊಂದನ್ನು ಸುಣ್ಣ ಬಳಿದು ಗ್ಯಾಲರಿ ಮಾಡಿದ್ದರು. ಬಂದವರ ಕೈಯಲ್ಲೆಲ್ಲ ವೈನಿನ ಗ್ಲಾಸು, ಬೆಳ್ಳಂಬೆಳಿಗ್ಗೆ. ಮೊದಲ ಕೋಣೆಯಲ್ಲಿ ಯಾರದೋ ಕ್ಷೌರದ ಅಂಗಡಿಯ ಕೂದಲಿನ ರಾಶಿ. ಎರಡನೆಯದರಲ್ಲಿ ಕೊಬ್ಬು ತುಂಬಿದ ಸ್ನಾನದ ತೊಟ್ಟಿ. ಸೆರಗು ಮೂಗಿಗೆ ಹಿಡಿದು ದಾಟಿದೆ. ಕೊನೆಯದು ನನ್ನ ಗೆಳತಿಯ ಕೋಣೆ. ಒಳಗೆ ಕತ್ತಲೆ, ಎದುರಿನ ಗೋಡೆಯಷ್ಟಕ್ಕೂ ಒಂದೇ ಚಿತ್ರ ಓಡುತ್ತಿತ್ತು.

ಬಾಳೆ ಎಲೆ. ಎಲೆಯ ಮೇಲೆ ಮುದ್ದೆ, ಬಾಡಿನ ಎಸರು, ಅನ್ನ, ವಡೆ, ಕಜ್ಜಾಯ, ತುದಿಯಲ್ಲಿ ಒಂದು ಕಟ್ಟು ಬೀಡಿ. ಮುದ್ದೆಯ ನೆತ್ತಿಯಲ್ಲಿ ಹೆಬ್ಬೆರಳಿಂದ ಒತ್ತಿದ ಗುಳಿ, ಗುಳಿಯಲ್ಲಿ ತುಪ್ಪ. ಹಾಗೆ ಗುಳಿ ಮಾಡಿ ತುಪ್ಪ ಬಿಡುವವಳು ನನ್ನ ಅವ್ವ. ಆ ಎಲೆ ನನ್ನ ತಮ್ಮನದು.

ತಮ್ಮ ಕಾಮಾಲೆಯಿಂದ ಸತ್ತ. ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ, "ಅವ್ವ, ಒಂದ್ ತುತ್ತು ಬಾಡ್ನೆಸ್ರು ಕೊಡವ್ವ" ಎಂದು ಚಿಕ್ಕ ಮಕ್ಕಳ ಹಾಗೆ ಕೇಳುತ್ತಿದ್ದ. ಪಥ್ಯ ಕೆಡಬಾರದೆಂದು ಅವ್ವ ಗಂಜಿ ಕುಡಿಸುತ್ತಿದ್ದಳು. "ವಾಸಿ ಆಗ್ಲಿ ಬುಡು ಮಗ, ಒಂದ್ ಕುರಿನೇ ಕೊಯ್ಯವಾ" ಎನ್ನುತ್ತಿದ್ದಳು. ವಾಸಿಯಾಗಲಿಲ್ಲ. ಹಸಿದುಕೊಂಡೇ ಹೋದ ಎಂಬುದು ಅವ್ವನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಆಮೇಲೆ ಅವಳು ಬಾಡು ಮುಟ್ಟಲಿಲ್ಲ. ಮುದ್ದೆಯನ್ನು ಬರೀ ಮಜ್ಜಿಗೆಯಲ್ಲಿ ನುಂಗುತ್ತಿದ್ದಳು.

ನಮ್ಮ ಕಡೆ ಮಾರ್ಲಮಿ ಹಬ್ಬದ ಅಮಾವಾಸ್ಯೆಯಲ್ಲಿ ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಗೆ ಬಡಿಸಿ, ಧೂಪ ಹಾಕಿ, ಹೆಸರು ಹಿಡಿದು ಕರೆದು, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಬರುತ್ತೇವೆ. ಅವರು ಉಣ್ಣಲಿ ಎಂದು. ಆಮೇಲೆ ಒಂದು ಪಾಲು ಕಾಗೆಗೆ, ಉಳಿದದ್ದು ಮನೆಯವರಿಗೆ. ಎಡೆಯ ಅನ್ನ ಒಂದಗುಳೂ ಕೆಡಬಾರದು. ತಮ್ಮ ಹೋದ ಮೊದಲ ವರ್ಷ ಅವನ ಪಾಲಿಗೆ ಕಾಗೆ ಬರಲಿಲ್ಲ. ಕಳೆದ ವರ್ಷವೂ ಹೆಂಚಿನ ಮೇಲೆ ಇಟ್ಟದ್ದು ಇಟ್ಟ ಹಾಗೇ ಇತ್ತು. ಅವ್ವ ಅಂಗಳದಲ್ಲಿ ನಿಂತು ಕಾ ಕಾ ಎಂದು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಿದ್ದಳು. ಅದೇ ಹೊತ್ತಿಗೆ ರೆಸಾರ್ಟಿನ ಕಾರು ಬಂತು, ಕಲಾವಿದೆ ಇಳಿದಳು. ಬಾ ಎಂದಿದ್ದವಳು ನಾನೇ, ಆದರೆ ಇಂಥ ದಿನ ಎಂದು ಹೇಳಿರಲಿಲ್ಲ. ಅವ್ವ ಅವಳನ್ನೇ ನೋಡಿದಳು.

"ಅವ್ನೇ ಕಣ್ರೋ! ಕಾಗೆ ಆಗಿ ಬರಕ್ಕಾಗ್ದೆ ಇಂಗ್ ಬಂದವ್ನೆ!"

ಯಾರೂ ನಗಲಿಲ್ಲ. ಎಡೆಯ ಹೊತ್ತಿಗೆ ಬಾಗಿಲಿಗೆ ಬಂದವರನ್ನು ನಮ್ಮಲ್ಲಿ ಯಾರೂ ಬರೀ ನೆಂಟರು ಎಂದುಕೊಳ್ಳುವುದಿಲ್ಲ. ತಮ್ಮನ ಎಲೆಯನ್ನೇ ಎತ್ತಿ ಅವಳ ಮುಂದಿಟ್ಟರು. ಅವಳಿಗೆ ಕಣ್ಣಲ್ಲಿ ನೀರು ಬಂತು. ಇದನ್ನು ತನ್ನ ಜೊತೆ ಕೊಂಡುಹೋಗಬಹುದೇ ಎಂದು ಕೇಳಿದಳು, ನಾನು ಅವ್ವನಿಗೆ ಹೇಳಿದೆ.

"ಕಟ್ಕೊಡೆ ಮಗ. ಒಸ ಜಾಗ, ನಮ್ ಮುಂದೆ ಉಣ್ಣಕ್ ನಾಚ್ಕೆ ಇರ್ತದೆ. ಅಲ್ಲೋಗಿ ನಿದಾನುಕ್ ಉಣ್ಲಿ."

ಕೊಂಡುಹೋದ ಎಡೆಯನ್ನು ಉಣ್ಣುವುದು ಬಿಟ್ಟು ಇನ್ನೇನಾದರೂ ಮಾಡಬಹುದು ಎಂದು ನಮ್ಮ ಮನೆಯಲ್ಲಿ ಯಾರಿಗೆ ತಾನೆ ಹೊಳೆಯಬೇಕು? ಎಲೆಯನ್ನು ಮೊರದ ಮೇಲೆ ಜೋಪಾನವಾಗಿ ಇಟ್ಟು, ಮೇಲೊಂದು ಎಲೆ ಮುಚ್ಚಿ ಕಾರಿಗೆ ಹತ್ತಿಸಿದೆವು. ಅದರ ಮುಂದಿನ ಭಾನುವಾರ ಅವ್ವ ತಾನೇ ಕೋಳಿ ಕೊಯ್ಯಿಸಿ ಎರಡು ತುಂಡು ತಿಂದಳಂತೆ. ತಮ್ಮನ ಹೆಂಡತಿ ಫೋನು ಮಾಡಿ ಅಳುತ್ತಾ ಹೇಳಿದ್ದಳು.

ಈಗ ಗೋಡೆಯ ಮೇಲೆ ಆ ಎಲೆ ನೋಡನೋಡುತ್ತಿದ್ದಂತೆ ಬಾಡತೊಡಗಿತು. ದಿನಗಳನ್ನು ನಿಮಿಷಕ್ಕೆ ಇಳಿಸಿದ್ದಳು. ಎಸರಿನ ಮೇಲೆ ಬೂಸ್ಟು ಬಂತು. ಮುದ್ದೆ ಬಿರಿಯಿತು. ಬಾಡಿನೊಳಗಿಂದ ಬಿಳಿಯ ಹುಳುಗಳು ಎದ್ದು ಮಿಜಿಮಿಜಿ ಎಂದವು, ಒಂದೊಂದೂ ನನ್ನ ತೋಳಿನಷ್ಟು ದಪ್ಪ. ನೊಣಗಳ ಗುಂಯ್ ಸದ್ದನ್ನು ಸ್ಪೀಕರಿನಲ್ಲಿ ದೊಡ್ಡದು ಮಾಡಿದ್ದರು. ವಾಸನೆ ಬರಲಿಲ್ಲ, ಆದರೂ ನನ್ನ ಮೂಗಿಗೆ ಬಡಿಯಿತು. ಪಕ್ಕದಲ್ಲಿದ್ದ ಗಂಡಹೆಂಡಿರು ತಲೆದೂಗಿ, "ಎಷ್ಟು ಸುಂದರ" ಎಂದರು. ಬಾಗಿಲ ಬಳಿಯ ಚೀಟಿಯಲ್ಲಿ ಕೃತಿಯ ಶೀರ್ಷಿಕೆ: ಹೆಸರಿಲ್ಲದ ಊಟ. ಹೆಸರಿಲ್ಲವಂತೆ! ಅವ್ವ ಹೆಸರು ಹಿಡಿದು ಕರೆದು ಬಡಿಸಿದ ಎಲೆ ಅದು. ನನಗೆ ಆ ಗೋಡೆಗೆ ಉಗಿಯಬೇಕೆನಿಸಿತು.

ಅವಳನ್ನು ಮೂಲೆಗೆ ಎಳೆದುಕೊಂಡು ಹೋಗಿ ಕೇಳಿದೆ. "ನೀನು ತಿನ್ನಲೇ ಇಲ್ಲವಾ?"

"ಆಗ ನನ್ನ ಹೊಟ್ಟೆ ಕೆಟ್ಟಿತ್ತು, ತಿನ್ನಲು ಭಯವಾಯಿತು" ಎಂದಳು. "ಎಸೆಯಲು ಮನಸ್ಸು ಬರಲಿಲ್ಲ. ಅದಕ್ಕೇ ಅದರ ಮುಂದೆ ಕೂತು ದಿನಾ ನೋಡಿದೆ. ಅದು ನಾನು ಕೊಟ್ಟ ಗೌರವ." ಸುಳ್ಳು ಹೇಳುತ್ತಿರಲಿಲ್ಲ ಪಾಪ. ಅದೇ ನನಗೆ ಇನ್ನೂ ಅಸಹ್ಯವಾಗಿ ಕಂಡಿತು. ಆಮೇಲೆ ಹೊಳೆಯುವ ಕಣ್ಣುಗಳಿಂದ, "ನಿನಗೊಂದು ಆಶ್ಚರ್ಯ ಇದೆ, ನಿನ್ನ ಅಮ್ಮ ಈಗ ನಮ್ಮ ಜೊತೆ ಮಾತಾಡುತ್ತಾರೆ" ಎಂದಳು. ನನಗೆ ಹೇಳದೆ ತಮ್ಮನ ಹೆಂಡತಿಗೆ ಮೆಸೇಜು ಹಾಕಿ, ವಿಡಿಯೋ ಕಾಲಿಗೆ ಹೊತ್ತು ಗೊತ್ತು ಮಾಡಿಕೊಂಡಿದ್ದಳು.

"ಬೇಡ" ಎಂದೆ. "ನೀನು ಉಂಡಿದ್ದೀಯ ಎಂದೇ ಅವಳು ಊಟ ಮಾಡುತ್ತಿದ್ದಾಳೆ. ದಯವಿಟ್ಟು ಬೇಡ."

ಅವಳ ಮುಖ ಸಪ್ಪಗಾಯಿತು. ಏನೋ ಹೇಳಹೊರಟಳು. ಅಷ್ಟರಲ್ಲಿ ಪ್ರದರ್ಶನದ ವ್ಯವಸ್ಥಾಪಕ ಗ್ಲಾಸಿಗೆ ಚಮಚ ಬಡಿದು ಎಲ್ಲರನ್ನೂ ಸುಮ್ಮನಾಗಿಸಿದ. ಪಕ್ಕದ ಗೋಡೆಯ ಮೇಲೆ ಅವ್ವನ ಮುಖ ಮೂಡಿಯೇಬಿಟ್ಟಿತು. ಜಗಲಿಯ ಮೇಲೆ ಕೂತಿದ್ದಳು. ಮದುವೆ ಮುಂಜಿಗೆ ಉಡುವ ಸೀರೆ ಉಟ್ಟು, ತಲೆ ಬಾಚಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡು ಫೋನನ್ನೇ ಪಿಳಿಪಿಳಿ ನೋಡುತ್ತಿದ್ದಳು. ಜನ ಕೈಬೀಸಿದರು. ಅವ್ವ ಕೈಮುಗಿದಳು.

ನಾನು ಓಡಿ ಹೋಗಿ, ಅವ್ವನಿಗೆ ನಮ್ಮನ್ನು ತೋರಿಸುತ್ತಿದ್ದ ಫೋನಿಗೂ ಆ ಚಿತ್ರಕ್ಕೂ ನಡುವೆ ನಿಂತೆ. ಸೆರಗನ್ನು ಎರಡು ಕೈಯಲ್ಲೂ ಅಗಲಿಸಿ ಹಿಡಿದೆ. ಅಷ್ಟು ದೊಡ್ಡ ಗೋಡೆಗೆ ಒಂದು ಸೆರಗು ಎಲ್ಲಿ ಸಾಕು?

"ಆಚ್ಗ್ ಸರ್ಕೊಳ್ಳೇ ಮಗ. ಅದೇನದು ಇಂದ್ಗಡೆ? ಎಲೆ ಅಲ್ವಾ?"

ಚಿತ್ರ ಮುಗಿದು ಮತ್ತೆ ಮೊದಲಿನಿಂದ ಶುರುವಾಗಿತ್ತು. ತುಪ್ಪ ಹೊಳೆಯುತ್ತಿತ್ತು. ಅವ್ವನ ಮುಖ ಅರಳಿತು. "ಅಯ್ಯೋ, ನನ್ ಮಗನ್ ಎಡೆ! ಪಟ ಇಡಿಸ್ಕಂಡವ್ಳೆ, ನೋಡೇ!" ಎಂದು ಸೊಸೆಯನ್ನು ಕರೆದಳು. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದರು. ಬೂಸ್ಟು ಬಂತು. ಮುದ್ದೆ ಬಿರಿಯಿತು. ಸೊಸೆ ಬಾಯಿಗೆ ಕೈ ಇಟ್ಟುಕೊಂಡಳು. ನಾನು ಫೋನು ಆರಿಸಲು ಕೈಚಾಚಿದೆ, ಅದು ಯಾವ ಯಂತ್ರಕ್ಕೆ ಯಾವ ತಂತಿಯಿಂದ ಸಿಕ್ಕಿಸಿದ್ದೋ ತಿಳಿಯಲಿಲ್ಲ.

"ಉಣ್ನಿಲ್ವಾ ಅವ್ಳು?" ಅವ್ವ ಕೇಳಿದಳು.

ಒಂದು ಸುಳ್ಳು ಹೇಳೋಣವೆಂದರೆ ಹುಳುಗಳು ನನ್ನ ಬೆನ್ನ ಹಿಂದೆಯೇ ಇದ್ದವು.

"ಇಲ್ಲ ಕಣವ್ವ" ಎಂದೆ.

ಅವ್ವ ಬೈಯಲಿಲ್ಲ. "ಕಾರ ಆಯ್ತೇನೋ" ಎಂದಳು. "ಅವ್ನಿಗೆ ಕಾರ ಆಗ್ಬೇಕಾಗಿತ್ತಲ್ಲ, ಅಂಗೇ ಅರ್ದ್ಬುಟ್ಟೆ. ಅವ್ಳು ಉಣ್ಣೋದು ಅಂತ ನಂಗೇನ್ ಗೊತ್ತು? ನನ್ದೇ ತಪ್ಪು ಬುಡು." ಆಮೇಲೆ ಅವಳ ದನಿ ಬೇರೆಯಾಯಿತು. "ಅಂಗಾರೆ ಮಾರ್ಲಮಿಯಿಂದ ಇಲ್ಲೀಗಂಟ ಅಸ್ಕೊಂಡೇ ಅವ್ನೆ ಕಣ್ ಮಗ. ನಾನು ಬಾಡ್ ತಿನ್ಕೊಂಡ್ ಕುಂತಿವ್ನಿ."

ಎದ್ದಳು. ಫೋನು ಜಗಲಿಯ ಮೇಲೆ ಬಿತ್ತು. ಗೋಡೆಯ ತುಂಬ ನಮ್ಮ ಮನೆಯ ಹೆಂಚು ಕಾಣಿಸಿತು, ಹಿಂದಿನಿಂದ ಮಾತು ಕೇಳಿಸುತ್ತಿತ್ತು.

"ಒಲೆ ಅಚ್ಚು. ಆ ಕೆಂಪ್ ಉಂಜ ಇಡ್ಕೊ."

"ಅತ್ತೆ, ಇವತ್ತು ಅಮಾಸೆ ಅಲ್ವಲ್ಲ."

"ಅಸ್ದೋನ್ಗೆ ಯಾವ್ ಅಮಾಸೆನೇ?"

ವ್ಯವಸ್ಥಾಪಕ ನಗುನಗುತ್ತಾ ನನ್ನ ಹತ್ತಿರ ಬಂದು, ಅಮ್ಮ ಏನೆಂದರು, ದಯವಿಟ್ಟು ಎಲ್ಲರಿಗೂ ಹೇಳಿ ಎಂದು ಮೈಕು ಕೊಟ್ಟ. ಎಲ್ಲರೂ ಗ್ಲಾಸು ಹಿಡಿದು ನನ್ನ ಬಾಯಿ ನೋಡುತ್ತಿದ್ದರು. ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಇದು ಅವಳ ಸತ್ತ ಮಗನ ಊಟ. ಈ ಕಲಾವಿದೆ ತಿಂದರೆ ಅವನು ತಿಂದ ಹಾಗೆ ಎಂದು ಕೊಟ್ಟಿದ್ದಳು. ಇವರು ತಿನ್ನಲಿಲ್ಲ. ಅವನು ಇನ್ನೂ ಹಸಿದಿದ್ದಾನೆ, ಅಡುಗೆ ಮಾಡಲು ಎದ್ದು ಹೋದಳು.

ಗೋಡೆಯ ಮೇಲೆ ನೊಣಗಳ ಸದ್ದು ನಡೆದೇ ಇತ್ತು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು, ಕೆಲವರು ಕಣ್ಣೊರೆಸಿಕೊಂಡು ತಟ್ಟಿದರು. ಕಲಾವಿದೆ ಮಾತ್ರ ತಟ್ಟಲಿಲ್ಲ.