ಮೂರನೇ ವರ್ಷದ ಹುಲಿ

"ಈ ಸಲ ನನ್ನ ಫೋಟೊ ಬೇಡಣ್ಣ" ಎಂದು ಹುಲಿವೇಷದ ಸತೀಶ ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದ. ದೋಹಾದ ಅಲ್ ಮನ್ಸೂರಾದಲ್ಲಿ ನಮ್ಮ ತುಳುವರ ನವರಾತ್ರಿ ಕಾರ್ಯಕ್ರಮ. ಐದು ಹುಲಿಗಳು ಮೈಗೆ ಬಳಿದ ಬಣ್ಣ ಒಣಗಲೆಂದು ಫ್ಯಾನಿನಡಿ ಕೈ ಅಗಲಿಸಿ ನಿಂತಿದ್ದವು.

ಕಾಯಿಲೆ ಬಿದ್ದ ಮಗಳು ಗುಣವಾಗಲೆಂದು ಮೂರು ವರ್ಷ ಹುಲಿವೇಷ ಹಾಕುವ ಹರಕೆ ಹೊತ್ತವನು ಸತೀಶ. ಊರಿಗೆ ಹೋಗಲು ರಜೆ ಸಿಗದೆ ಇಲ್ಲೇ ತೀರಿಸುತ್ತಿದ್ದ. ಹಿಂದಿನ ಎರಡು ವರ್ಷವೂ ನನ್ನ ಬೆನ್ನು ಬಿದ್ದು ಫೋಟೊ ತೆಗೆಸಿ, ಮಗಳಿಗೆ ತೋರಿಸಲು ಮನೆಗೆ ಈಮೇಲ್ ಮಾಡಿಸಿದ್ದ.

"ಎಂಥ ಮಾರಾಯ, ಮಗಳು ಕಾಯುವುದಿಲ್ವಾ?" ಎಂದೆ ನಗುತ್ತಾ.

"ಅವಳು ಹೋಗಿ ಮೂರು ತಿಂಗಳಾಯ್ತಣ್ಣ. ಹರಕೆ ಬಾಕಿ ಇಟ್ಟುಕೊಳ್ಳಬಾರದಲ್ಲ, ಅದಕ್ಕೆ ಬಂದೆ."

ಹೆಗಲ ಮೇಲೆ ಕೈ ಇಡಲು ಹೋದೆ. ಬಣ್ಣ ಇನ್ನೂ ಹಸಿ, ಅಳಿಸಿಹೋದೀತೆಂದು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ. ಅಷ್ಟರಲ್ಲಿ ತಾಸೆ ವಾದ್ಯದ ಬಡಿತ ಶುರುವಾಯಿತು, ಅವನು ಕುಣಿಯಲು ಹೋದ.

ಆ ದಿನದ ಆಲ್ಬಮ್ಮಿನಲ್ಲಿ ನಾಲ್ಕೇ ಹುಲಿಗಳಿವೆ. ಅದನ್ನು ತೆರೆದಾಗಲೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಬಣ್ಣ ಅಳಿಸಿದರೆ ಮತ್ತೆ ಬಳಿಯಬಹುದಿತ್ತು.